ಹ್ಯಾಲೋವೀನ್ ನೋಡಲು ವಿದೇಶ ಪ್ರವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾಲ್‌ಗಳಲ್ಲಿ ಪ್ಲಾಸ್ಟಿಕ್ ಕುಂಬಳಕಾಯಿ, ಹತ್ತಿಯ ಜೇಡರ ಬಲೆ ನೋಡಿ ನೋಡಿ ಸಾಕಾಗಿದೆ, ಹ್ಯಾಲೋವೀನ್ ಹುಟ್ಟಿದ ಕಡೆ, ಬೆಳೆದ ಕಡೆ ಒಮ್ಮೆ ಹೋಗಿ ಬರೋಣ ಅನ್ನುವವರಿಗಾಗಿ ಇದು. ಅಮೆರಿಕದ ಸೇಲಂ, ಐರ್ಲೆಂಡ್ ಮತ್ತು ಉತ್ತರ ಐರ್ಲೆಂಡಿನ ಡೆರಿ ಬಗ್ಗೆ ಜಾಸ್ತಿ ಬರೆದಿದ್ದೇನೆ. ಉಳಿದ ಊರುಗಳು ನಡುನಡುವೆ ಬಂದು ಹೋಗುತ್ತವೆ.

ಪ್ಲಾನ್ ಎಲ್ಲಿಂದ ಶುರು ಮಾಡಬೇಕು?

ತಾರೀಖಿನಿಂದ. ಹಬ್ಬ ಅಕ್ಟೋಬರ್ 31ಕ್ಕೆ ಅಂತ ಎಲ್ಲರಿಗೂ ಗೊತ್ತು. ಆದರೆ ಕೆಲವು ಊರುಗಳಲ್ಲಿ ಅದು ಒಂದೇ ರಾತ್ರಿಯ ಸಂಭ್ರಮ, ಕೆಲವು ಕಡೆ ತಿಂಗಳಿಡೀ ನಡೆಯುವ ಜಾತ್ರೆ. ನ್ಯೂಯಾರ್ಕಿನ ವಿಲೇಜ್ ಹ್ಯಾಲೋವೀನ್ ಪರೇಡ್ 31ರ ಸಂಜೆ ಮಾತ್ರ. ಒಂದು ದಿನ ತಡವಾಗಿ ಹೋದರೆ ಸಿಗುವುದು ಬೀದಿಯ ಕಸ ಅಷ್ಟೇ. ಎಡಿನ್‌ಬರೋದಲ್ಲಿ ಬೆಂಕಿಯಾಟ, ಡೋಲುಗಳ ಜೊತೆ ನಡೆಯುವ, ಹ್ಯಾಲೋವೀನಿಗೆ ಮೂಲವಾದ ಸೌವಿನ್ ಹಬ್ಬವೂ ಒಂದೇ ರಾತ್ರಿಯದು. ಡೆರಿಯಲ್ಲಿ ಕೆಲವು ದಿನ ನಡೆದು 31ಕ್ಕೆ ಮೆರವಣಿಗೆ, ಪಟಾಕಿಯೊಂದಿಗೆ ಮುಗಿಯುತ್ತದೆ. ಸೇಲಂನಲ್ಲಿ ಅಕ್ಟೋಬರ್ ಪೂರ್ತಿ ಹಬ್ಬವೇ. ಅಮೆರಿಕದ ಥೀಮ್ ಪಾರ್ಕುಗಳಲ್ಲಂತೂ ಆಗಸ್ಟ್, ಸೆಪ್ಟೆಂಬರಿನಲ್ಲೇ ಶುರುವಾಗಿರುತ್ತದೆ.

ಹಾಗಾಗಿ ನಿಮಗೆ ಮೆರವಣಿಗೆ ಬೇಕಾ, ಊರಿನ ಕಥೆ ಬೇಕಾ ಅಂತ ಮೊದಲು ಮನೆಯಲ್ಲಿ ಕೂತು ಮಾತಾಡಿಕೊಳ್ಳಿ. ಮೆರವಣಿಗೆ ಬೇಕು ಅಂದರೆ 31ಕ್ಕೇ ಅಲ್ಲಿರಬೇಕು, ದುಬಾರಿ ಹೋಟೆಲಿಗೂ ರೆಡಿ ಇರಬೇಕು. ಕಥೆ ಸಾಕು ಅಂದರೆ ಅಕ್ಟೋಬರಿನ ಮೊದಲ ಎರಡು ವಾರದಲ್ಲಿ, ಅದೂ ಸೋಮವಾರದಿಂದ ಗುರುವಾರದ ಒಳಗೆ ಹೋಗಿ. ಜನ ಕಡಿಮೆ, ನೋಡಲು ಸಿಗುವುದು ಜಾಸ್ತಿ.

ರಜೆ ಹೊಂದಿಸುವುದು ಹೇಗೆ? ದಸರಾ, ದೀಪಾವಳಿ ನಡುವೆ ಸಿಕ್ಕಿಹಾಕಿಕೊಳ್ಳಲ್ವಾ?

ಕರ್ನಾಟಕದವರಿಗೆ ಒಂದು ಅನುಕೂಲ ಇದೆ. ಹ್ಯಾಲೋವೀನ್ ಮಾರನೇ ದಿನವೇ ಕನ್ನಡ ರಾಜ್ಯೋತ್ಸವ. 2026ರಲ್ಲಿ 31 ಶನಿವಾರ, ನವೆಂಬರ್ 1 ಭಾನುವಾರ, ಹಾಗಾಗಿ ಆ ರಜೆ ಲೆಕ್ಕಕ್ಕೆ ಬರಲ್ಲ. ಆದರೆ ದಸರಾ ಮುಗಿದಿರುತ್ತದೆ, ದೀಪಾವಳಿ ನವೆಂಬರ್ ಎರಡನೇ ವಾರಕ್ಕಿದೆ. ನಡುವೆ ಒಂದು ವಾರ ಹೋಗಿಬರಲು ಒಳ್ಳೆ ವರ್ಷ.

2027ರಲ್ಲಿ ನವೆಂಬರ್ 1 ಸೋಮವಾರ ಬರುತ್ತದೆ, ರಜೆ ಸಿಗುತ್ತದೆ. ಆದರೆ ಆ ವರ್ಷ ದೀಪಾವಳಿ ಅಮಾವಾಸ್ಯೆ ಅಕ್ಟೋಬರ್ 29ಕ್ಕೇ ಇದೆ. ಮನೆಯಲ್ಲಿ ಹಬ್ಬ ಬಿಟ್ಟು ಕುಂಬಳಕಾಯಿ ನೋಡಲು ಹೋಗ್ತೀನಿ ಅಂದರೆ ಅಮ್ಮ ಏನಂತಾರೆ ಅನ್ನೋದು ನಿಮಗೇ ಗೊತ್ತು. 2024ರಲ್ಲಂತೂ ನರಕ ಚತುರ್ದಶಿಯೂ ಹ್ಯಾಲೋವೀನೂ ಒಂದೇ ದಿನ ಬಂದಿದ್ದವು.

ವೀಸಾಗೆ ಎಷ್ಟು ಮುಂಚೆ ಹಾಕಬೇಕು?

ಅಮೆರಿಕಕ್ಕೆ ಹೊಸದಾಗಿ ಪ್ರವಾಸಿ ವೀಸಾ ಬೇಕಿದ್ದರೆ ಈ ವರ್ಷದ ಹಬ್ಬವನ್ನು ನಂಬಿಕೊಂಡು ಟಿಕೆಟ್ ಮಾಡಬೇಡಿ. ಸಂದರ್ಶನದ ತಾರೀಖು ಸಿಗುವುದಕ್ಕೇ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಈಗಾಗಲೇ ವೀಸಾ ಇರುವವರಿಗೆ ಮಾತ್ರ ಸೇಲಂ ಸುಲಭದ ಮಾತು.

ಬ್ರಿಟನ್ನಿಗೆ ಪ್ರಯಾಣಕ್ಕೆ ಮೂರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಜುಲೈ ಕೊನೆ, ಆಗಸ್ಟ್ ಮೊದಲ ವಾರ ಸರಿಯಾದ ಸಮಯ. ಡ್ರಾಕುಲಾ ಕೋಟೆ ಅಂತ ಹೆಸರಾದ ಕೋಟೆಯಿರುವ ರೊಮೇನಿಯಾಕ್ಕೆ ಈಗ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಒಂದೇ ವೀಸಾ) ಬೇಕು, ಏಕೆಂದರೆ 2025ರ ಜನವರಿಯಿಂದ ಅದು ಪೂರ್ತಿಯಾಗಿ ಷೆಂಗೆನ್ ಒಳಗೆ ಬಂದಿದೆ. ಷೆಂಗೆನ್ ಅರ್ಜಿಯನ್ನು ಆರು ತಿಂಗಳು ಮುಂಚೆಯೇ ಹಾಕಬಹುದು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಅದಕ್ಕೆ ಕಡ್ಡಾಯ.

ಐರ್ಲೆಂಡ್, ಡೆರಿ ಎರಡೂ ನೋಡಬೇಕು. ಒಂದೇ ವೀಸಾ ಸಾಕಾ?

ತುಂಬಾ ಜನ ಎಡವುವುದು ಇಲ್ಲೇ. ಡಬ್ಲಿನ್ ಇರುವುದು ಐರ್ಲೆಂಡ್ ಗಣರಾಜ್ಯದಲ್ಲಿ, ಡೆರಿ ಇರುವುದು ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನಲ್ಲಿ. ನಡುವಿನ ಗಡಿಯಲ್ಲಿ ಗೇಟೂ ಇಲ್ಲ, ಪೊಲೀಸರೂ ಇಲ್ಲ. ಬಸ್ಸಲ್ಲಿ ಕೂತವರಿಗೆ ದೇಶ ಬದಲಾಗಿದ್ದು ಗೊತ್ತಾಗುವುದು ಬೋರ್ಡುಗಳಲ್ಲಿ ಕಿಲೋಮೀಟರು ಹೋಗಿ ಮೈಲಿ ಬಂದಾಗ. ಆದರೂ ಎರಡು ಕಡೆಗೂ ಅನುಮತಿ ಬೇಕೇ ಬೇಕು. ಗಡಿಯಲ್ಲಿ ಯಾರೂ ಕೇಳಲ್ಲ ಅಂತ ನುಗ್ಗುವುದು ಬೇಡ. ಇದ್ದಕ್ಕಿದ್ದಂತೆ ಬಸ್ ಹತ್ತಿ ತಪಾಸಣೆ ಮಾಡುವುದೂ ಉಂಟು. ಐರ್ಲೆಂಡ್ ಷೆಂಗೆನ್‌ನಲ್ಲೂ ಇಲ್ಲ, ನೆನಪಿರಲಿ.

ಭಾರತೀಯರಿಗೆ ಬ್ರಿಟಿಷ್–ಐರಿಶ್ ವೀಸಾ ಯೋಜನೆ ಅಂತ ಒಂದಿದೆ. ವೀಸಾದಲ್ಲಿ ಬಿಐವಿಎಸ್ ಎಂಬ ಗುರುತು ಇದ್ದರೆ ಒಂದರಲ್ಲೇ ಎರಡು ಕಡೆ ಓಡಾಡಬಹುದು. ಷರತ್ತು ಏನಂದರೆ, ವೀಸಾ ಕೊಟ್ಟ ದೇಶಕ್ಕೇ ಮೊದಲು ಕಾಲಿಡಬೇಕು. ಬ್ರಿಟನ್ ಕೊಟ್ಟ ವೀಸಾ ಹಿಡಿದು ದುಬೈ ಮೇಲೆ ಸೀದಾ ಡಬ್ಲಿನ್‌ಗೆ ಇಳಿಯುವ ಹಾಗಿಲ್ಲ. ಬೆಂಗಳೂರಿನಿಂದ ಲಂಡನ್‌ಗೆ ನೇರ ವಿಮಾನ ಇದೆ. ಅಲ್ಲಿಂದ ಬೆಲ್‌ಫಾಸ್ಟ್, ಬೆಲ್‌ಫಾಸ್ಟ್‌ನಿಂದ ಟ್ರೈನಲ್ಲಿ ಎರಡು ಗಂಟೆಯ ಆಸುಪಾಸಿಗೆ ಡೆರಿ, ಹಬ್ಬ ಮುಗಿಸಿ ಬಸ್ಸಲ್ಲಿ ಡಬ್ಲಿನ್. ಈ ದಾರಿ ಹಿಡಿದರೆ ತಲೆನೋವಿಲ್ಲ. ಟ್ರೈನ್ ಟಿಕೆಟ್ಟಿನಲ್ಲಿ ಲಂಡನ್‌ಡೆರಿ ಅಂತ ಇದ್ದರೆ ಗಾಬರಿ ಬೇಡ, ಅದೇ ಊರು. ಅಲ್ಲಿ ಪೌಂಡ್, ಡಬ್ಲಿನ್ನಿನಲ್ಲಿ ಯೂರೋ.

ಹ್ಯಾಲೋವೀನ್ ಅಮೆರಿಕದ ಹಬ್ಬ ಅಲ್ವಾ? ಐರ್ಲೆಂಡಿಗೆ ಯಾಕೆ ಹೋಗಬೇಕು?

ಬೇರು ಇರುವುದು ಅಲ್ಲಿ. ಸುಗ್ಗಿ ಮುಗಿದು ಚಳಿಗಾಲ ಶುರುವಾಗುವ ರಾತ್ರಿ ಸೌವಿನ್ ಅನ್ನುವ ಹಳೇ ಕೆಲ್ಟಿಕ್ (ಆ ಕಡೆಯ ಪ್ರಾಚೀನ ಜನರ) ಹಬ್ಬ ಇತ್ತು. ಆ ರಾತ್ರಿ ಸತ್ತವರ ಲೋಕಕ್ಕೂ ನಮ್ಮ ಲೋಕಕ್ಕೂ ನಡುವಿನ ಬಾಗಿಲು ತೆರೆದಿರುತ್ತದೆ ಅಂತ ನಂಬಿಕೆ. ಕ್ರೈಸ್ತರ ಸಕಲ ಸಂತರ ದಿನ ನವೆಂಬರ್ 1ಕ್ಕೆ ಬಂದು ಎರಡೂ ಕಲೆತವು. ಐರಿಷ್ ಮತ್ತು ಸ್ಕಾಟಿಷ್ ಜನ ವಲಸೆ ಹೋದಾಗ ಹಬ್ಬವೂ ಅಮೆರಿಕಕ್ಕೆ ಹೋಯಿತು. ಅಲ್ಲಿ ದೆವ್ವದ ಮುಖ ಕೆತ್ತಲು ದೊಡ್ಡ ದೊಡ್ಡ ಕುಂಬಳಕಾಯಿ ಕೈಗೆ ಸಿಕ್ಕಿತು.

ಅದಕ್ಕೂ ಮುಂಚೆ ಕೆತ್ತುತ್ತಿದ್ದದ್ದು ಟರ್ನಿಪ್ ಗೆಡ್ಡೆ. ಮೇಯೋ ಕೌಂಟಿಯ ಕಾಸಲ್‌ಬಾರ್ ಹತ್ತಿರ, ಟರ್ಲೋ ಪಾರ್ಕ್‌ನಲ್ಲಿ ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಹಳ್ಳಿ ಬದುಕಿನ ವಿಭಾಗವಿದೆ. ಡಾನಿಗಲ್ ಕಡೆಯ ಒಂದು ಟರ್ನಿಪ್ ದೆವ್ವದ ಪ್ಲಾಸ್ಟರ್ ಅಚ್ಚು ಅಲ್ಲಿದೆ. ಸುಕ್ಕುಗಟ್ಟಿದ ಕೆನ್ನೆ, ಗುಳಿಬಿದ್ದ ಕಣ್ಣು, ಬಾಯಲ್ಲಿ ಅಡ್ಡಾದಿಡ್ಡಿ ಹಲ್ಲು. ಅದರ ಮುಂದೆ ಕುಂಬಳಕಾಯಿ ಪಾಪದ್ದು. ಪ್ರವೇಶ ಉಚಿತ.

ಡಬ್ಲಿನ್‌ನಿಂದ ಮೀತ್ ಕೌಂಟಿಯ ಕಡೆ ಹೋದರೆ ಅತ್‌ಬಾಯ್ ಹತ್ತಿರ ವಾರ್ಡ್ ಗುಡ್ಡ ಸಿಗುತ್ತದೆ. ಸೌವಿನ್ ರಾತ್ರಿಯ ದೊಡ್ಡ ಬೆಂಕಿ ಹಚ್ಚುತ್ತಿದ್ದ ಜಾಗ ಅಂತ ಪ್ರತೀತಿ. ಹೋದರೆ ಕಾಣುವುದು ಹುಲ್ಲು ಬೆಳೆದ ಮಣ್ಣಿನ ದಿಬ್ಬಗಳ ಸುತ್ತು, ಅಷ್ಟೇ. ಮಕ್ಕಳು "ಇಷ್ಟೇನಾ?" ಅನ್ನಬಹುದು. ಅದೇ ಮೀತ್‌ನಲ್ಲಿ ಟ್ರಿಮ್ ಊರಿನ ಸುತ್ತ 2019ರಲ್ಲಿ ಶುರುವಾದ ಪೂಕಾ ಹಬ್ಬದಲ್ಲಿ ಹಾಡು, ಬೆಂಕಿ, ಮೆರವಣಿಗೆ ಇರುತ್ತದೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ.

ಅಕ್ಟೋಬರ್ ಕೊನೆಯ ಸೋಮವಾರ ಐರ್ಲೆಂಡಿನಲ್ಲಿ ಸಾರ್ವಜನಿಕ ರಜೆ, ಶಾಲೆಗಳಿಗೂ ಆಗ ಮಧ್ಯಾವಧಿ ರಜೆ. ಹೋಟೆಲ್ ದರ ಏರುವುದಕ್ಕೆ ಅದೂ ಕಾರಣ.

ಡೆರಿಯಲ್ಲಿ ಅಂಥದ್ದೇನಿದೆ?

ನನ್ನನ್ನು ಕೇಳಿದರೆ ಒಂದೇ ಒಂದು ಹ್ಯಾಲೋವೀನ್ ನೋಡುವುದಾದರೆ ಡೆರಿಗೆ ಹೋಗಿ. ಇಲ್ಲಿ ವೇಷ ಹಾಕುವವರು ಪ್ರವಾಸಿಗರಲ್ಲ, ಊರಿನವರೇ. ಬ್ಯಾಂಕಿನ ಕೌಂಟರಿನಲ್ಲಿ ಕೂತವರಿಂದ ಹಿಡಿದು ತಳ್ಳುಗಾಡಿಯಲ್ಲಿರುವ ಕೂಸಿನ ತನಕ ಯಾರೂ ಬಿಟ್ಟಿಲ್ಲ ಅನ್ನುವಷ್ಟು. ಬಾಂಬು, ಬಂದೂಕು, ಸೈನಿಕರ ಗಸ್ತಿನ ಕಾಲದಲ್ಲಿ, 1980ರ ದಶಕದಲ್ಲಿ, ಪಬ್ಬಿನ ವೇಷದ ರಾತ್ರಿಯಾಗಿ ಶುರುವಾದದ್ದು ಬೀದಿಗೆ ಬಂದು ಇಡೀ ಊರಿನದಾಯಿತು.

ಊರಿನ ಸುತ್ತ 1613ರಿಂದ 1619ರ ನಡುವೆ ಕಟ್ಟಿದ ಕೋಟೆಗೋಡೆ ಪೂರ್ತಿ ಉಳಿದಿದೆ. ಸುಮಾರು ಒಂದೂವರೆ ಕಿಲೋಮೀಟರ್, ಗೋಡೆಯ ಮೇಲೆಯೇ ನಡೆಯಬಹುದು. ಹಬ್ಬದ ದಿನಗಳಲ್ಲಿ ಅದಕ್ಕೆಲ್ಲ ದೀಪ, ಬೊಂಬೆ, ಬೆಂಕಿಯಾಟ. 31ರ ಸಂಜೆ ಮೆರವಣಿಗೆ, ಆಮೇಲೆ ಫೋಯ್ಲ್ ನದಿಯ ಮೇಲೆ ಪಟಾಕಿ. ನದಿಯ ಪಕ್ಕ ಜಾಗ ಹಿಡಿಯಬೇಕಂದರೆ ಮೆರವಣಿಗೆ ಪೂರ್ತಿ ನೋಡುವ ಆಸೆ ಬಿಡಬೇಕು. ಎರಡೂ ಬೇಕು ಅಂತ ಓಡಿದರೆ ಎರಡೂ ಅರ್ಧಂಬರ್ಧ ಆಗುತ್ತದೆ.

ಊರು ಚಿಕ್ಕದು, ರೂಮು ಕಡಿಮೆ. ಚಳಿಗಾಲ ಕಳೆದ ಕೂಡಲೇ ಹುಡುಕಲು ಶುರು ಮಾಡಿ. ಸಿಗದಿದ್ದರೆ ಬೆಲ್‌ಫಾಸ್ಟ್‌ನಲ್ಲಿ ಉಳಿಯಬಹುದು, ಆದರೆ ರಾತ್ರಿ ವಾಪಸ್ ಟ್ರೈನ್ ಎಷ್ಟು ಹೊತ್ತಿಗಿದೆ ಅಂತ ಮೊದಲೇ ನೋಡಿಕೊಳ್ಳಬೇಕು. ವೇಷ ಇಲ್ಲದೆ ಹೋಗಬಹುದಾ ಅಂತ ಕೇಳುವವರಿಗೆ: ಹೋಗಬಹುದು, ಆದರೆ ಅಲ್ಲಿ ಎದ್ದು ಕಾಣುವವರು ನೀವೇ.

ಸೇಲಂನಲ್ಲಿ ಏನು ನೋಡಬೇಕು?

ಪಕ್ಕದ ತಮಿಳುನಾಡಿನ ಸೇಲಂ ಅಲ್ಲ ಮಾರಾಯ್ರೆ, ಮ್ಯಾಸಚೂಸೆಟ್ಸ್‌ನದು. 1692ರಲ್ಲಿ ಮಾಟ ಮಾಡಿದರು ಅಂತ ಆಪಾದನೆ ಹೊರಿಸಿ ಇಲ್ಲಿ 19 ಜನರನ್ನು ನೇಣಿಗೆ ಹಾಕಿದರು. ಗೈಲ್ಸ್ ಕೋರಿ ಎಂಬ ಮುದುಕ ತಪ್ಪೊಪ್ಪಿಕೊಳ್ಳಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಅವನ ಎದೆಯ ಮೇಲೆ ಕಲ್ಲು ಹೇರಿ ಹೇರಿ ಕೊಂದರು. ಜೈಲಲ್ಲೇ ಸತ್ತವರು ಬೇರೆ. ಬೆಂಕಿಗೆ ಹಾಕಿ ಸುಟ್ಟರು ಅಂತ ಜನ ಹೇಳುತ್ತಾರೆ, ಇಲ್ಲಿ ಯಾರನ್ನೂ ಸುಟ್ಟಿಲ್ಲ.

ಈಗ ಅದೇ ಊರಿನಲ್ಲಿ ಮಾಟಗಾತಿಯ ಟೋಪಿ, ಮಂತ್ರದಂಡ, ಕೈ ನೋಡಿ ಭವಿಷ್ಯ ಹೇಳುವ ಅಂಗಡಿ ಸಾಲುಸಾಲು. ಪೊಲೀಸ್ ಜೀಪಿನ ಮೇಲೂ ಪೊರಕೆ ಏರಿದ ಮಾಟಗಾತಿಯ ಚಿತ್ರ. ನೋಡಿ ಮಜಾ ಅನ್ನಿಸುತ್ತದೆ, ಸ್ವಲ್ಪ ಮುಜುಗರವೂ ಆಗುತ್ತದೆ. ಸತ್ತವರು ಯಾರೂ ಮಾಟಗಾತಿಯರಾಗಿರಲಿಲ್ಲ ಅಲ್ವಾ?

ಅದಕ್ಕೇ ಹೇಳುವುದು, ಅಂಗಡಿಗಳಿಗೆ ಮುಂಚೆ ಚಾರ್ಟರ್ ಸ್ಟ್ರೀಟ್‌ನ ಸ್ಮಾರಕಕ್ಕೆ ಹೋಗಿ. 1992ರಲ್ಲಿ, ಘಟನೆಗೆ 300 ವರ್ಷ ತುಂಬಿದಾಗ ಕಟ್ಟಿದ್ದು. ಒರಟು ಕಲ್ಲಿನ ಗೋಡೆ, ಅದರಿಂದ ಹೊರಚಾಚಿದ 20 ಗ್ರಾನೈಟ್ ಹಾಸು. ಒಂದೊಂದರ ಮೇಲೂ ಒಂದು ಹೆಸರು, ಹೇಗೆ ಸತ್ತರು, ಯಾವತ್ತು. "ಬ್ರಿಜೆಟ್ ಬಿಷಪ್, ನೇಣು, ಜೂನ್ 10, 1692" ಅಂತ ಅಷ್ಟೇ. ಒಳಗೆ ಹೋಗುವಾಗ ಕಾಲಡಿ ನೋಡಿ. "ನಾನು ನಿರಪರಾಧಿ" ಅಂತ ಅವರು ಕೋರ್ಟಿನಲ್ಲಿ ಆಡಿದ ಮಾತುಗಳನ್ನು ಹೊಸ್ತಿಲ ಕಲ್ಲಿನಲ್ಲಿ ಕೆತ್ತಿದ್ದಾರೆ. ಮಾತು ಗೋಡೆಗೆ ತಾಗಿ ಅರ್ಧಕ್ಕೇ ನಿಂತುಬಿಡುತ್ತದೆ. ಎಷ್ಟೋ ಜನ ಅದನ್ನು ಮೆಟ್ಟಿಕೊಂಡು ಸೆಲ್ಫಿಗೆ ಹೋಗುತ್ತಾರೆ. ನೇಣು ಹಾಕಿದ ಜಾಗ ಊರ ಇನ್ನೊಂದು ಕಡೆ, ಪ್ರಾಕ್ಟರ್ಸ್ ಲೆಡ್ಜ್. ಅಲ್ಲಿ 2017ರಲ್ಲಿ ಚಿಕ್ಕ ಸ್ಮಾರಕ ಮಾಡಿದ್ದಾರೆ, ಪಕ್ಕದಲ್ಲೆಲ್ಲ ಮನೆಗಳು. ದನಿ ತಗ್ಗಿಸಿ ಮಾತಾಡಿ.

ಇನ್ನೊಂದು, ಯಾರೂ ಹೇಳದ ಜಾಗ: ಪೀಬಡಿ ಎಸೆಕ್ಸ್ ಮ್ಯೂಸಿಯಂ. ಸೇಲಂನ ನಾವಿಕರು ಭಾರತದ ಜೊತೆ ಜೋರು ವ್ಯಾಪಾರ ಮಾಡುತ್ತಿದ್ದರು. ಅವರು 1799ರಲ್ಲಿ ಕಟ್ಟಿದ ಸಂಘದಿಂದ ಬೆಳೆದದ್ದು ಈ ಮ್ಯೂಸಿಯಂ. ಅಮೆರಿಕಕ್ಕೆ ಮೊದಲ ಆನೆಯನ್ನು 1796ರಲ್ಲಿ ಬಂಗಾಳದಿಂದ ಹಡಗಿನಲ್ಲಿ ತಂದವನೂ ಇದೇ ಊರಿನ ಕ್ಯಾಪ್ಟನ್. ಎಂ.ಎಫ್. ಹುಸೇನ್ ಅವರ ಚಿತ್ರಗಳೂ ಇರುವ ಆಧುನಿಕ ಭಾರತೀಯ ಕಲೆಯ ದೊಡ್ಡ ಸಂಗ್ರಹ ಈ ಮ್ಯೂಸಿಯಂನದು. ಹೊರಗೆ ಎಷ್ಟೇ ಗದ್ದಲ ಇರಲಿ, ಒಳಗೆ ಆರಾಮಾಗಿ ಕೂರಬಹುದು.

ಸೇಲಂಗೆ ಕಾರಲ್ಲಿ ಹೋಗಬಹುದಾ?

ಅಕ್ಟೋಬರಿನಲ್ಲಿ ಬೇಡವೇ ಬೇಡ. ನಲವತ್ತು ಸಾವಿರ ಚಿಲ್ಲರೆ ಜನರ ಊರಿಗೆ ಆ ಒಂದು ತಿಂಗಳಲ್ಲಿ ಹತ್ತು ಲಕ್ಷ ಜನ ಬರುವುದುಂಟು. ಪಾರ್ಕಿಂಗ್ ಬೆಳಿಗ್ಗೆಯೇ ಭರ್ತಿ. ಬಾಸ್ಟನ್‌ನಲ್ಲಿ ಉಳಿದು ನಾರ್ತ್ ಸ್ಟೇಷನ್‌ನಿಂದ ಲೋಕಲ್ ಟ್ರೈನ್ ಹಿಡಿಯಿರಿ, ಅರ್ಧ ಗಂಟೆ ಆಸುಪಾಸು. ಬಾಸ್ಟನ್ ಬಂದರಿನಿಂದ ದೋಣಿಯೂ ಇದೆ, ಚಳಿ ತಡೆಯುವವರಿಗೆ ಅದೇ ಚೆನ್ನ.

ಡ್ರಾಕುಲಾನ ಕೋಟೆ ನೋಡಲೇಬೇಕಾ?

ರೊಮೇನಿಯಾದ ಬ್ರಾನ್ ಕೋಟೆ ಚೆನ್ನಾಗಿದೆ. 14ನೇ ಶತಮಾನದ್ದು, ಬಂಡೆಯ ಮೇಲೆ ಕೂತಿದೆ, ಬ್ರಾಶೋವ್ ಊರಿನಿಂದ ಹತ್ತಿರ. ಆದರೆ ಡ್ರಾಕುಲಾ ಕಾದಂಬರಿ ಬರೆದ ಬ್ರಾಮ್ ಸ್ಟೋಕರ್ ಆ ದೇಶಕ್ಕೆ ಹೋಗಿಯೇ ಇರಲಿಲ್ಲ. ಡ್ರಾಕುಲಾ ಎಂಬ ಹೆಸರಿಗೆ ಮೂಲವಾದ ವ್ಲಾಡ್ ದೊರೆಗೂ ಈ ಕೋಟೆಗೂ ಹೇಳಿಕೊಳ್ಳುವಂಥ ನಂಟಿಲ್ಲ. ಅವನ ಕೋಟೆ ಪೊಯೆನಾರಿ, ಅದು ಪಾಳುಬಿದ್ದಿದೆ, ಸಾವಿರಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು. ಬ್ರಾನ್‌ನಲ್ಲಿ ಹ್ಯಾಲೋವೀನ್ ಪಾರ್ಟಿ ನಡೆಯುತ್ತದೆ, ಕುಣಿಯಲು ಹೋಗುವವರು ಹೋಗಿ. ಕೋಟೆ ನೋಡಲು ಹೋಗುವವರು ಬೇರೆ ದಿನ ಹೋಗಿ.

ಮೆಕ್ಸಿಕೋದ ಸತ್ತವರ ಹಬ್ಬವೂ ಹ್ಯಾಲೋವೀನೇ ಅಲ್ವಾ?

ಅಲ್ಲ. ಅದು ನವೆಂಬರ್ 1 ಮತ್ತು 2ಕ್ಕೆ, ಹೆದರಿಸುವ ಹಬ್ಬವೂ ಅಲ್ಲ. ಮನೆಯಲ್ಲಿ ಸತ್ತವರ ಫೋಟೋ ಇಟ್ಟು, ಅವರಿಗೆ ಇಷ್ಟವಾದ ತಿಂಡಿ, ಪಾನೀಯ ಇಟ್ಟು ಕರೆಯುತ್ತಾರೆ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಾರಿಯುದ್ದಕ್ಕೂ ಚೆಂಡು ಹೂವು. ನಾವು ದಸರಾಕ್ಕೆ ಗಾಡಿಗೆ ಕಟ್ಟುವ ಆ ಹೂವಿನ ತವರೇ ಮೆಕ್ಸಿಕೋ.

ಮೆಕ್ಸಿಕೋ ಸಿಟಿಯ ದೊಡ್ಡ ಮೆರವಣಿಗೆ ಹಳೇ ಸಂಪ್ರದಾಯ ಅಂದುಕೊಳ್ಳಬೇಡಿ. ಜೇಮ್ಸ್ ಬಾಂಡ್ ಸಿನಿಮಾ ಒಂದರಲ್ಲಿ ಅಂಥ ದೃಶ್ಯ ಬಂದ ಮೇಲೆ 2016ರಲ್ಲಿ ಶುರು ಮಾಡಿದ್ದು. ಹಳೇ ರೀತಿ ನೋಡಬೇಕಂದರೆ ಒಹಾಕಾ ಕಡೆಗೋ ಪಾಟ್ಸ್‌ಕ್ವಾರೋ ಸರೋವರದ ಹಳ್ಳಿಗಳಿಗೋ ಹೋಗಿ. ಸ್ಮಶಾನಕ್ಕೆ ಹೋದಾಗ ಕ್ಯಾಮೆರಾ ಒಳಗಿಡಿ. ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಇರುವ ಭಾರತೀಯರಿಗೆ ಮೆಕ್ಸಿಕೋಗೆ ಬೇರೆ ವೀಸಾ ಬೇಕಿಲ್ಲ.

ಚಿಕ್ಕ ಮಕ್ಕಳಿದ್ದಾರೆ, ಹೆದರಿಕೊಳ್ಳಲ್ವಾ?

ಎಲ್ಲಿಗೆ ಹೋಗುತ್ತೀರಿ ಅನ್ನುವುದರ ಮೇಲೆ. ಫ್ಲೋರಿಡಾದ ಓರ್ಲಾಂಡೋದಲ್ಲಿ ಯೂನಿವರ್ಸಲ್‌ನ ಹ್ಯಾಲೋವೀನ್ ಹಾರರ್ ನೈಟ್ಸ್ 13 ವರ್ಷದೊಳಗಿನವರಿಗೆ ಬೇಡ ಅಂತ ಅವರೇ ಹೇಳುತ್ತಾರೆ. ಅಲ್ಲಿ ವೇಷ, ಮುಖವಾಡ ಹಾಕಿಕೊಂಡು ಹೋಗುವಂತೆಯೂ ಇಲ್ಲ. ಹತ್ತಿರದಲ್ಲೇ ಡಿಸ್ನಿಯ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ನಡೆಯುವ ಮಿಕ್ಕಿಯ ಪಾರ್ಟಿ ಪುಟಾಣಿಗಳಿಗೇ ಮಾಡಿದ್ದು. ಅಲ್ಲಿ ಎಲ್ಲರೂ ವೇಷ ಹಾಕಬಹುದು, 14 ದಾಟಿದವರು ಮುಖವಾಡ ಮಾತ್ರ ಹಾಕಬಾರದು. ಎರಡಕ್ಕೂ ಹಗಲಿನ ಟಿಕೆಟ್ ನಡೆಯಲ್ಲ, ಬೇರೆ ತಗೋಬೇಕು.

ಬಿಪಿ, ಹೃದಯದ ತೊಂದರೆ, ಫಿಟ್ಸ್, ಆಸ್ತಮಾ ಇರುವವರು ದೆವ್ವದ ಮನೆಗಳಿಂದ ದೂರ ಇರಿ. ಮಿಂಚುವ ದೀಪ, ಕೃತಕ ಹೊಗೆ ಎರಡೂ ಜಾಸ್ತಿ.

ಅಮೆರಿಕದಲ್ಲಿ ಮಗಳ ಮನೆಯಲ್ಲಿದ್ದೇವೆ. ಸಂಜೆ ಮಕ್ಕಳು ಬಾಗಿಲು ಬಡಿದರೆ ಏನು ಮಾಡುವುದು?

ಹ್ಯಾಲೋವೀನ್ ಸಂಜೆ ವೇಷ ಹಾಕಿದ ಮಕ್ಕಳು ಮಿಠಾಯಿ ಕೇಳುತ್ತಾ ಮನೆಮನೆಗೆ ಬರುತ್ತಾರೆ. ಮನೆ ಮುಂದಿನ ದೀಪ ಹಾಕಿದ್ದರೆ "ಬನ್ನಿ" ಅಂತ ಅರ್ಥ, ಆರಿಸಿದ್ದರೆ ಯಾರೂ ಬರಲ್ಲ. ಪ್ಯಾಕ್ ಮಾಡಿದ ಚಾಕೊಲೇಟ್ ಮಾತ್ರ ಕೊಡಿ. ಮನೆಯಲ್ಲಿ ಮಾಡಿದ ಕೊಬ್ಬರಿ ಮಿಠಾಯಿ ಎಷ್ಟೇ ಚೆನ್ನಾಗಿದ್ದರೂ ಆ ಮಕ್ಕಳ ಅಪ್ಪ ಅಮ್ಮ ಅದನ್ನು ತಿನ್ನಲು ಬಿಡಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಬಾಗಿಲಲ್ಲಿ ನೀಲಿಹಸಿರು ಬಣ್ಣದ ಕುಂಬಳಕಾಯಿ ಇಟ್ಟಿದ್ದರೆ ಅಲರ್ಜಿ ಇರುವ ಮಕ್ಕಳಿಗೆ ತಿಂಡಿಯಲ್ಲದ ಸಣ್ಣ ಆಟಿಕೆ ಸಿಗುತ್ತದೆ ಅಂತ ಸೂಚನೆ. ಮೊಮ್ಮಗುವನ್ನು ಕರೆದುಕೊಂಡು ನೀವೂ ನಾಲ್ಕು ಮನೆ ತಿರುಗಿ. ಅಕ್ಕಪಕ್ಕದವರ ಪರಿಚಯಕ್ಕೆ ಅಂಥ ಸಂಜೆ ಇನ್ನೊಂದಿಲ್ಲ.

ಯಾವ ವೇಷ ಹಾಕಬಹುದು? ನಮ್ಮ ಕಡೆಯದೇ ಹಾಕಿದರೆ?

ಬೇರೆ ಜನಾಂಗದವರ ಮೈಬಣ್ಣ ಬಳಿದುಕೊಳ್ಳುವುದು, ಬುಡಕಟ್ಟಿನವರ ಗರಿಯ ಕಿರೀಟ ಇಂಥವು ಬೇಡ. ನಮ್ಮ ಕಡೆಯದಾದರೆ ರಾಕ್ಷಸ, ಬೇತಾಳ, ಮೋಹಿನಿ ಎಲ್ಲ ಧಾರಾಳವಾಗಿ ಆಗುತ್ತದೆ. ಯಕ್ಷಗಾನದ ಬಣ್ಣ ಕಟ್ಟಲು ಗೊತ್ತಿದ್ದರಂತೂ ಡೆರಿಯ ಬೀದಿಯಲ್ಲಿ ಜನ ಮುತ್ತಿಕೊಳ್ಳುತ್ತಾರೆ. ಆದರೆ ದೈವದ ವೇಷ ಮಾತ್ರ ಬೇಡ. ಸಿನಿಮಾ ಥಿಯೇಟರಿನಲ್ಲಿ ಅಭಿಮಾನಿಗಳು ದೈವದ ವೇಷ ಹಾಕಿ ಕುಣಿದಾಗ ತುಳುನಾಡಿನವರಿಗೆ ಎಷ್ಟು ನೋವಾಯಿತು ಅಂತ ನೋಡಿದ್ದೇವೆ. ನಂಬಿದವರಿಗೆ ಅದು ವೇಷ ಅಲ್ಲ.

ಆಟಿಕೆ ಕತ್ತಿ, ಗನ್ ಕೈಚೀಲದಲ್ಲಿ ಇಡಬೇಡಿ, ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ. ವೇಷ ಎರಡು ಸೈಜ್ ದೊಡ್ಡದಿರಲಿ. ಐರ್ಲೆಂಡಿನಲ್ಲಿ ಅದರೊಳಗೆ ಥರ್ಮಲ್ ಹಾಕಲೇಬೇಕು, ಮೇಲಿಂದ ಮಳೆ.

ಸಸ್ಯಾಹಾರಿಗಳಿಗೆ ಏನು ಸಿಗುತ್ತದೆ?

ಐರ್ಲೆಂಡಿನ ಕಾಲ್‌ಕ್ಯಾನನ್ ತಿನ್ನಿ. ಬೇಯಿಸಿ ಮಸೆದ ಆಲೂಗಡ್ಡೆಗೆ ಎಲೆಕೋಸು, ಬೆಣ್ಣೆ. ಬಾರ್ಮ್‌ಬ್ರ್ಯಾಕ್ ಅನ್ನುವ ದ್ರಾಕ್ಷಿ ಬ್ರೆಡ್ಡಿನೊಳಗೆ ಉಂಗುರ ಅಡಗಿಸಿರುತ್ತಾರೆ, ಯಾರ ತುಂಡಿಗೆ ಬಂತೋ ಅವರಿಗೆ ಮದುವೆ ಅಂತ ಲೆಕ್ಕ. ಹುಷಾರಾಗಿ ಕಚ್ಚಿ. ಮೊಟ್ಟೆ ತಿನ್ನದವರು ಕೇಳಿ ತಗೊಳ್ಳಿ.

ಅಮೆರಿಕದ ಮಿಠಾಯಿಗಳಲ್ಲಿ ಜಿಲಾಟಿನ್ ಕಾಟ ಇದೆ. ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವುದು. ಮಾರ್ಷ್‌ಮ್ಯಾಲೋ, ಗಮ್ಮಿ, ಹ್ಯಾಲೋವೀನ್‌ಗೆ ಅಂತಲೇ ಮಾರುವ ಕ್ಯಾಂಡಿ ಕಾರ್ನ್, ಇವುಗಳ ಪ್ಯಾಕೆಟ್ ಹಿಂದೆ ಓದಿ. ನಮ್ಮ ಪ್ಯಾಕೆಟ್‌ಗಳ ಹಾಗೆ ಹಸಿರು ಚುಕ್ಕೆ ಅಲ್ಲಿರಲ್ಲ.

ಹತ್ತಿರದಲ್ಲಿ, ಕಡಿಮೆ ಖರ್ಚಿನಲ್ಲಿ ಏನಿದೆ?

ಸಿಂಗಪುರದ ಯೂನಿವರ್ಸಲ್ ಸ್ಟುಡಿಯೋಸ್, ಹಾಂಗ್‌ಕಾಂಗ್‌ನ ಓಷನ್ ಪಾರ್ಕ್. ಎರಡೂ ಪಾರ್ಕಿನೊಳಗಿನ ಹ್ಯಾಲೋವೀನ್, ಊರಿನದಲ್ಲ. ಟೋಕಿಯೋದ ಶಿಬುಯಾಗೆ ಹೋಗೋಣ ಅನ್ನುವವರು ಯೋಚಿಸಿ. 2023ರಲ್ಲಿ ಅಲ್ಲಿನ ಮೇಯರ್ ಅವರೇ ಹ್ಯಾಲೋವೀನ್‌ಗೆ ಅಂತ ಬರಬೇಡಿ ಅಂದರು. ಈಗ ರಾತ್ರಿ ಹೊತ್ತು ಅಲ್ಲಿ ಬೀದಿಯಲ್ಲಿ ಕುಡಿಯುವುದಕ್ಕೂ ನಿಷೇಧ.

ಜನಜಂಗುಳಿಯಲ್ಲಿ ಏನು ಎಚ್ಚರ?

2022ರ ಅಕ್ಟೋಬರ್ 29ರ ರಾತ್ರಿ ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನ ಇಟೇವಾನ್‌ನಲ್ಲಿ ಇಳಿಜಾರಿನ ಕಿರಿದಾದ ಗಲ್ಲಿಯೊಂದರಲ್ಲಿ ನೂಕುನುಗ್ಗಲಾಗಿ 159 ಜನ ಸತ್ತರು. ಹೆಚ್ಚಿನವರು ಹ್ಯಾಲೋವೀನ್‌ಗೆ ಬಂದ ಎಳೆಯರು. ಪಟಾಕಿ, ಮೆರವಣಿಗೆ ಮುಗಿದ ಕೂಡಲೇ ಎಲ್ಲರ ಜೊತೆ ನುಗ್ಗಬೇಡಿ, ಅರ್ಧ ಗಂಟೆ ಕಾಯಿರಿ. ಗಲ್ಲಿಗಳನ್ನು ಬಿಟ್ಟು ಅಗಲ ರಸ್ತೆಯಲ್ಲೇ ಇರಿ. ಅಕ್ಕಪಕ್ಕದವರ ಮೈ ತಾಗಿ ಕೈ ಎತ್ತಲಾಗದಷ್ಟು ಜನ ಸೇರಿದರೆ ಅದೇ ಹೊರಡುವ ಹೊತ್ತು. ಬಿದ್ದ ಮೊಬೈಲ್ ಎತ್ತಲು ಬಗ್ಗಬೇಡಿ. ಮಕ್ಕಳ ಜೇಬಿನಲ್ಲಿ ನಿಮ್ಮ ನಂಬರ್ ಬರೆದ ಚೀಟಿ ಇರಲಿ.

ಅಲ್ಲಿ ಗಡಿಯಾರ ಬದಲಾಗುತ್ತದಂತೆ, ಹೌದಾ?

ಹೌದು, ಸರಿಯಾಗಿ ಇದೇ ದಿನಗಳಲ್ಲಿ. ಯುರೋಪಿನಲ್ಲಿ ಅಕ್ಟೋಬರ್ ಕೊನೆಯ ಭಾನುವಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಹಾಗಾಗಿ 31ಕ್ಕೆ ಡೆರಿಯಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಗುಡ್ಡ, ಸಮುದ್ರ ತೀರ ನೋಡುವುದಿದ್ದರೆ ಬೆಳಿಗ್ಗೆಯೇ ಮುಗಿಸಿ. ಅಮೆರಿಕದಲ್ಲಿ ನವೆಂಬರ್ ಮೊದಲ ಭಾನುವಾರ. 2026ರಲ್ಲಿ ಅದು ಹ್ಯಾಲೋವೀನ್ ರಾತ್ರಿ ಕಳೆದು ಬೆಳಗಿನ ಜಾವ ಎರಡು ಗಂಟೆಗೇ ಬರುತ್ತದೆ. ಅಲ್ಲಿಯ ತನಕ ಬಾಸ್ಟನ್ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ, ಆಮೇಲೆ ಹತ್ತೂವರೆ. ಭಾನುವಾರ ಬೆಳಿಗ್ಗೆ ವಿಮಾನ ಇದ್ದರೆ ಫೋನಿನ ಟೈಮ್ ನಂಬಿ, ಕೈಗಡಿಯಾರ ಬೇಡ.